ಹರಳೆಣ್ಣೆ ಗಾಡಿಗೆ ಕೆಂಪೆಣ್ಣೆ

"ತಗಡು ಎತ್ತು," ಎಂದೆ.

ಮೆಕ್ಯಾನಿಕ್ ಕದಿರಯ್ಯ ಎತ್ತಲಿಲ್ಲ. ಕೈಯಲ್ಲಿ ಪಾನಾ ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದ.

"ಬ್ರೇಕ್ ಇನ್‌ಸ್ಪೆಕ್ಟ್ರು ಬರ್ದಾಗೈತೆ ಸಾರ್, ಬ್ರೇಕು ಬರಾಬರ್ ಐತೆ ಅಂತ. ಇನ್ನ ನಾವು ಬಿಚ್ಚಿ ಏನ್ ನೋಡಾದು?"

"ಅವರು ಎಲ್ಲಿ ನಿಂತು ಬರೆದರು?"

"ಅಗೋ, ಆ ಹುಣಸೆಮರದ ತಾವ. ಹತ್ರ ಬಂದ್ರೆ ಪ್ಯಾಂಟಿಗೆ ಗ್ರೀಸ್ ಹತ್ತದೆ ಅಂದ್ರು."

"ನಾನು ಪಂಚೆಯವನು. ನನಗೆ ಗ್ರೀಸಿನ ಭಯವಿಲ್ಲ. ಎತ್ತು."

ಗೊರವನಹಳ್ಳಿ ದಾರಿಯ ಕೆರೆ ಏರಿಯ ತಿರುವಿನಲ್ಲಿ ಈ ಅಮೆರಿಕನ್ ಕಾರು ಉರುಳಿ ಅದರಲ್ಲಿ ಕೂತಿದ್ದ ರೇಣುಕಯ್ಯ ಸತ್ತು ಅಂದಿಗೆ ಹದಿನಾರನೆಯ ದಿನ; ಗಾಡಿ ಇನ್ನೂ ಏರಿಯ ಕೆಳಗೇ ಇತ್ತು. ಡ್ರೈವರ್ ಜುಂಜಪ್ಪ ಬೇಕೆಂದೇ ಗಾಡಿ ಬಿಟ್ಟು ಹಾರಿಕೊಂಡನೆಂದು ಕೊಲೆ ಕೇಸು ಜಡಿದು ಅವನನ್ನು ಮಧುಗಿರಿ ಜೈಲಿಗೆ ಹಾಕಿದ್ದರು.

ನಾನು, ನಂದೀಶ್ವರಯ್ಯ, ವಿಮಾ ಕಂಪನಿಯ ಸರ್ವೇಯರ್. ಒಡೆದ ಗಾಡಿಯಲ್ಲಿ ಎಷ್ಟು ಬೆಲೆ ಉಳಿದಿದೆ ಎಂದು ಬರೆಯುವುದು ನನ್ನ ಕೆಲಸ. ಸತ್ತವರಿಗೆ ಬೆಲೆ ಕಟ್ಟಲು ಕೋರ್ಟಿನಲ್ಲಿ ಬೇರೆಯವರಿದ್ದಾರೆ. ಬದುಕಿರುವವರಿಗೆ ಬೆಲೆ ಕಟ್ಟುವವರನ್ನು ನಾನು ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಇನ್ನೂ ನೋಡಿಲ್ಲ.

ಅಂದು ಶನಿವಾರ. ಸೋಮವಾರ ಪೊಲೀಸರು ಚಾರ್ಜ್‌ಶೀಟ್ ಹಾಕುವವರಿದ್ದರು. ಬ್ರೇಕು ಸರಿಯಿತ್ತು ಎಂದಾದರೆ ಜುಂಜಪ್ಪ ಕೊಲೆಗಾರ. ಬ್ರೇಕು ಕೆಟ್ಟಿತ್ತು ಎಂದು ನಾನು ತೋರಿಸಿಕೊಟ್ಟರೆ ಅವನು ಮನೆಗೆ ಬರಬಹುದು. ಇಷ್ಟೇ ಲೆಕ್ಕ. ಈ ಲೆಕ್ಕವನ್ನು ನನಗೆ ಒಪ್ಪಿಸಿದವಳು ಅವನ ಹೆಂಡತಿ ಕ್ಯಾತಮ್ಮ. ಹತ್ತು ದಿನದ ಹಿಂದೆ ನಮ್ಮ ಮನೆ ಜಗಲಿಯ ಮೇಲೆ ಕೂತವಳು ನಾನು ಹೂಂ ಅನ್ನುವವರೆಗೆ ನೀರು ಕೂಡ ಮುಟ್ಟಿರಲಿಲ್ಲ.

ಹಳೆಯ ಅಮೆರಿಕನ್ ಗಾಡಿಗಳಲ್ಲಿ ಬ್ರೇಕ್ ಎಣ್ಣೆಯ ಡಬ್ಬಿ ಡ್ರೈವರನ ಕಾಲಡಿಯಲ್ಲೇ ಇರುತ್ತದೆ. ಕಂಬಳಿ ಸರಿಸಿ ಒಂದು ತಗಡು ಎತ್ತಿದರೆ ಕೈಗೆ ಸಿಗುತ್ತದೆ. ಕದಿರಯ್ಯ ಕೊನೆಗೂ ತಗಡು ಎತ್ತಿದ, ಡಬ್ಬಿಯ ಬಿರಡೆ ತಿರುಗಿಸಿದ, ಬೆರಳು ಅದ್ದಿದ. ಅದ್ದಿದ ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದ.

"ಏನು?"

"ಕೆಂಪಗೈತೆ ಸಾರ್."

ಬೆರಳು ಮೂಸಿದ. ನನಗೂ ಮೂಸಿಸಿದ. ಹರಳೆಣ್ಣೆಯ ವಾಸನೆ ಇಲ್ಲ. ಸ್ಪಿರಿಟ್ಟಿನ ಘಾಟು ಇಲ್ಲ. ಪೆಟ್ರೋಲ್ ಬಂಕಿನ ಹಿಂದುಗಡೆ ಬರುವಂಥ ವಾಸನೆ.

ಶಿರಾದ ಈ ಕದಿರಯ್ಯನಿಗೆ ಆ ಗಾಡಿಯ ಒಂದೊಂದು ನಟ್ಟೂ ಗೊತ್ತು. ಅದರ ಅಸಲಿ ಬಿಡಿಭಾಗ ಸಿಗುವುದು ನಿಂತು ಇಪ್ಪತ್ತು ವರ್ಷ. ಬ್ರೇಕಿನ ರಬ್ಬರ್ ವಾಷರನ್ನು ಇವನೇ ಗ್ಯಾರೇಜಿನಲ್ಲಿ ಕೊಯ್ದು ಕೂರಿಸುತ್ತಿದ್ದ. ಆ ರಬ್ಬರಿಗೆ ಹೊಂದುವುದು ಒಂದೇ: ಹರಳೆಣ್ಣೆಗೆ ಸ್ಪಿರಿಟ್ ಬೆರೆಸಿದ ನಾಟಿ ಎಣ್ಣೆ. ಹರಳು ಹುರಿದು ಕುಟ್ಟಿ ಎಣ್ಣೆ ಕಾಸುತ್ತಿದ್ದವಳು ಕ್ಯಾತಮ್ಮ. ಸೋಸಿ ಬೆರೆಸುತ್ತಿದ್ದವನು ಜುಂಜಪ್ಪ. ಅಮೆರಿಕದವರು ಕಟ್ಟಿದ ಗಾಡಿ ಹದಿನಾರು ವರ್ಷ ಒಬ್ಬ ಗೊಲ್ಲರ ಹೆಂಗಸಿನ ಒಲೆಯ ಎಣ್ಣೆಯಿಂದ ಹೇಳಿದ ಕಡೆ ನಿಲ್ಲುತ್ತಿತ್ತು ಎಂದರೆ ಕಂಪನಿಯ ಆಫೀಸಿನಲ್ಲಿ ನಗುತ್ತಾರೆ. ನಗಲಿ. ಅವರ ಸ್ಕೂಟರುಗಳು ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ.

ಕದಿರಯ್ಯ ವಾಷರನ್ನು ಹೊರಗೆಳೆದ. ರೂಪಾಯಿಯಗಲದ್ದು ಊದಿಕೊಂಡು ಮೆತ್ತಗಾಗಿತ್ತು.

"ನೋಡಿ ಸಾರ್, ಇಡ್ಲಿ ಆಗ್ಬುಟ್ಟೈತೆ. ಇದು ಕಲ್ಲೆಣ್ಣೆ ಜಾತಿದು. ಈ ರಬ್ಬರಿಗೆ ಬಿದ್ರೆ ನಾಕೈದು ದಿನದಾಗೆ ಉಬ್ತದೆ. ಮೊದ್ಲು ಪೆಡಲ್ ಬಿಗಿ ಆಯ್ತದೆ. ಆಮೇಲೆ ಒಂದ್ ದಪ ತುಳಿದ್ರೆ ಸೀದಾ ಕೆಳೀಕೆ ಹೋಯ್ತದೆ, ಮೇಲ್ಕೆ ಬರಾಕಿಲ್ಲ."

"ಯಾವ ಎಣ್ಣೆ ಇದು?"

ಅವನು ಉತ್ತರ ಹೇಳುವ ಮೊದಲು ಸುತ್ತ ನೋಡಿದ. ಕಾವಲಿಗಿದ್ದ ಕಾನ್‌ಸ್ಟೇಬಲ್ ಹುಣಸೆಮರದ ಕೆಳಗೆ ತೂಕಡಿಸುತ್ತಿದ್ದ.

"ಗೇರಿಲ್ಲದ ಗಾಡಿಗೆ ಹಾಕೋ ಎಣ್ಣೆ ಸಾರ್. ನಮ್ಮ ನಾಕು ತಾಲ್ಲೂಕಿಗೂ ಇದನ್ನ ಕುಡಿಯೋ ಗಾಡಿ ಇರಾದು ಒಂದೇ. ತಿಮ್ಮರಾಯಪ್ನೋರ ಜಪಾನ್ ಗಾಡಿ."

ಉರುಳಿದ ಈ ಅಮೆರಿಕನ್ ಗಾಡಿಯೂ ಪಾವಗಡದ ಆ ತಿಮ್ಮರಾಯಪ್ಪನದೇ. ಒಂದೇ ಶೆಡ್ಡಿನಲ್ಲಿ ನಿಲ್ಲುತ್ತಿದ್ದ ಎರಡು ಗಾಡಿಗಳಲ್ಲಿ ಒಂದರ ಹೊಟ್ಟೆಯ ಎಣ್ಣೆ ಇನ್ನೊಂದರ ಬ್ರೇಕಿಗೆ ಬಂದಿತ್ತು. ತಾನಾಗಿ ನಡೆದು ಬರುವುದಕ್ಕೆ ಎಣ್ಣೆಗೆ ಕಾಲಿಲ್ಲ.

ಒಂದು ಬಿಳಿ ಬಟ್ಟೆಯ ತುಂಡನ್ನು ಆ ಕೆಂಪೆಣ್ಣೆಯಲ್ಲಿ ಅದ್ದಿ, ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡೆ. ವಾಷರನ್ನು ಪೊಟ್ಟಣ ಕಟ್ಟಿ, ಕಾನ್‌ಸ್ಟೇಬಲ್‌ನನ್ನು ಎಬ್ಬಿಸಿ ಅದರ ಮೇಲೆ ಸಹಿ ಹಾಕಿಸಿದೆ.

"ಎರಡೂ ಗಾಡಿಗೆ ಕೈ ಹಾಕಿದವನು ನೀನು," ಎಂದೆ ಕದಿರಯ್ಯನಿಗೆ. "ಯಾವುದು ಗಟ್ಟಿ?"

"ಜಪಾನ್ ಗಾಡಿ ಕೆಡಾಕಿಲ್ಲ ಸಾರ್. ಕೆಟ್ರೆ ಮಾತ್ರ ದೇವ್ರೇ ಗತಿ, ಸಾಮಾನು ಸಿಗಲ್ಲ. ಇದು ವಾರಕ್ಕೊಂದ್ ದಪ ಕೆಡ್ತದೆ. ಆದ್ರೆ ಕುಲುಮೆ ಆಚಾರಿನೂ ಸರಿ ಮಾಡ್ತಾನೆ. ಅದು ಸಾಹೇಬ್ರಂಗೆ, ಇದು ಮನೆ ಎತ್ತಿನಂಗೆ." ವಾಷರ್ ಇದ್ದ ಜಾಗವನ್ನು ಬಗ್ಗಿ ನೋಡಿದ. "ಮಾರಾಕೆ ಹೋದ್ರೆ ಅದನ್ನ ಚಿನ್ನದ ತಕ್ಕಡೀಲಿ ತೂಗ್ತಾರೆ, ಇದನ್ನ ಗುಜರಿ ತಕ್ಕಡೀಲಿ. ಮೂವತ್ತೈದು ವರ್ಸ ದುಡ್ದಿದ್ದು ಯಾರ್ಗೂ ಲೆಕ್ಕಿಲ್ಲ."

ಅವನ ಕಣ್ಣಲ್ಲಿ ನೀರಿತ್ತು. ನಾನು ನೋಡಲಿಲ್ಲವೆಂಬಂತೆ ಬಸ್ಸಿನ ಕಡೆಗೆ ನಡೆದೆ.

ಪಾವಗಡ ಮುಟ್ಟಿದಾಗ ಮೂರು ಗಂಟೆ. ಕೋಟೆ ಬೆಟ್ಟದ ಬಂಡೆಯ ಕಾವು ಊರಿನೊಳಕ್ಕೇ ಹೊಡೆಯುತ್ತಿತ್ತು. ತಿಮ್ಮರಾಯಪ್ಪನ ಕಡಲೆಕಾಯಿ ಎಣ್ಣೆ ಮಿಲ್ಲಿನ ಶೆಡ್ಡಿನಲ್ಲಿ ಜಪಾನ್ ಗಾಡಿ ಗವಸು ಹೊದ್ದು ನಿಂತಿತ್ತು. ಪಕ್ಕದ ಜಾಗ ಖಾಲಿ. ನೆಲದ ಮೇಲೆ ಹಳೇ ಎಣ್ಣೆಯ ಕಲೆ ಮಾತ್ರ ಇತ್ತು.

ತಿಮ್ಮರಾಯಪ್ಪನಿಗೆ ಅರವತ್ತು ದಾಟಿದೆ. ಕುರ್ಚಿ ಹಾಕಿಸಿದ, ಮಜ್ಜಿಗೆ ತರಿಸಿದ.

"ಬೆಲೆ ಕಟ್ಟಾಕ್ ಬಂದ್ರಾ ಸರ್ವೇಯರ್ ಸಾಹೇಬ್ರೆ?"

"ಯಾವುದಕ್ಕೆ ಯಜಮಾನ್ರೆ? ಅಮೆರಿಕಕ್ಕೋ ಜಪಾನಿಗೋ?"

ಅವನು ನಕ್ಕ. "ಅಮೆರಿಕಕ್ಕೆ ಏಮಿ ಕಟ್ತೀರಾ? ಬದುಕಿದ್ದಾಗ್ಲೇ ಎಂಟು ಸಾವ್ರಕ್ಕೆ ಕೇಳೋರಿರ್ಲಿಲ್ಲ. ಆನೆ ಬದುಕಿದ್ರೂ ಸಾವ್ರ ಸತ್ರೂ ಸಾವ್ರ ಅಂತಾರೆ, ಈ ಆನೆಗೆ ಅದೂ ಇಲ್ಲ. ಇದನ್ನ ನೋಡ್ರಿ!" ಎದ್ದು ಹೋಗಿ ಗವಸು ಸರಿಸಿದ. "ತಗೊಂಡಾಗ ಎಂಬತ್ತು ಸಾವ್ರ. ಮೊನ್ನೆ ಬೆಂಗಳೂರಿನೋನು ಒಂದು ಲಕ್ಷದ ಎಪ್ಪತ್ತು ಅಂದ. ಆರು ವರ್ಷದ ಗಾಡಿ ಸಾರ್! ಹಳೇದಾದಷ್ಟೂ ರೇಟು ಏರೋದು ಹುಣಸೆಹಣ್ಣು ಒಂದೇ ಅಂದ್ಕೊಂಡಿದ್ದೆ."

"ಆರ್‌ಸಿ ಪುಸ್ತಕ ಯಾರ ಹೆಸರಲ್ಲಿದೆ?"

ಗವಸು ಹಿಡಿದ ಕೈ ಹಾಗೇ ನಿಂತಿತು.

"ರೇಣುಕಯ್ಯನ ಹೆಸ್ರಲ್ಲಿ," ಎಂದ.

ಸತ್ತ ರೇಣುಕಯ್ಯ ಎಂಟು ವರ್ಷ ಕುವೈತಿನಲ್ಲಿ ದುಡಿದು ಬರುವಾಗ ಈ ಗಾಡಿ ತಂದಿದ್ದ. ಹಾಗೆ ತಂದ ಗಾಡಿಯನ್ನು ಕೆಲವು ವರ್ಷ ಮಾರಕೂಡದು. ಆದರೂ ಮಾರುತ್ತಾರೆ. ಹಣ ಎಣಿಸಿಕೊಂಡು, ವರ್ಗಾವಣೆ ಫಾರಮ್ಮಿಗೆ ತಾರೀಖಿಲ್ಲದೆ ಸಹಿ ಹಾಕಿಕೊಟ್ಟು, ಬೀಗದಕೈ ಒಪ್ಪಿಸುತ್ತಾರೆ. ಗಾಡಿ ಒಬ್ಬನ ಮನೆಯಲ್ಲಿ, ಹೆಸರು ಇನ್ನೊಬ್ಬನದು. ನಡುವೆ ಬೆಲೆ ಏರದಿದ್ದರೆ ಎಲ್ಲರೂ ಸಭ್ಯರೇ.

"ಅವನು ಗಾಡಿ ವಾಪಸ್ ಕೇಳಿದ್ದ, ಅಲ್ಲವೇ?"

"ಕೇಳಿದ್ದ. ಎಂಬತ್ತು ಸಾವ್ರ ತಂದು ಇದೇ ಮೇಜಿನ ಮೇಲಿಟ್ಟು ನನ್ನ ಗಾಡಿ ನಂಗೆ ಕೊಡು ಅಂದ. ಕೊಡ್ಲಿಲ್ಲ. ನೀವಾದ್ರೆ ಕೊಡ್ತಿದ್ರಾ?"

"ಈಗ ಅವನಿಲ್ಲ. ಸಹಿ ಹಾಕಿದ ಫಾರಂ ನಿಮ್ಮ ಬೀರುವಿನಲ್ಲಿದೆ. ಸಾಯುವುದಕ್ಕೆ ಒಂದು ತಿಂಗಳ ಹಿಂದಿನ ತಾರೀಖು ಬರೆದರೆ ಗಾಡಿ ನಿಮ್ಮದೇ."

"ಅಂದ್ರೆ? ನಾನೇ ಸಾಯಿಸ್ದೆ ಅಂತೀರಾ?"

ನಾನು ಜೇಬಿನಿಂದ ಬಟ್ಟೆ ತೆಗೆದು ಮಜ್ಜಿಗೆ ಲೋಟದ ಪಕ್ಕ ಹರಡಿದೆ.

"ಇದು ಉರುಳಿದ ನಿಮ್ಮ ದೊಡ್ಡಗಾಡಿಯ ಬ್ರೇಕಿನಲ್ಲಿ ಸಿಕ್ಕಿತು."

ಕಳ್ಳನ ಮುಖ ನಾನು ಬೇಕಾದಷ್ಟು ನೋಡಿದ್ದೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಹೆಚ್ಚು. ತಿಮ್ಮರಾಯಪ್ಪ ಹೆಗಲು ಮುಟ್ಟಿಕೊಳ್ಳಲಿಲ್ಲ. ಬಟ್ಟೆಯನ್ನು ಎತ್ತಿ ಮೂಸಿದ, ಮತ್ತೆ ಮೂಸಿದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಉಡುದಾರದಲ್ಲಿದ್ದ ಬೀಗದಕೈ ಬಿಚ್ಚಿ ಜಪಾನ್ ಗಾಡಿಯ ಡಿಕ್ಕಿ ತೆಗೆದ. ಒಳಗೆ ನಾಲ್ಕು ಟಿನ್ನುಗಳಿದ್ದವು, ನಾಲ್ಕರ ಮುಚ್ಚಳಗಳೂ ಕಂಪನಿಯವರು ಬಿಗಿದ ಹಾಗೇ ಇದ್ದವು.

"ಆರು ಟಿನ್ ತಂದಿದ್ದ ಕುವೈತಿಂದ. ನಂಗೆ ನಾಲ್ಕು ಕೊಟ್ಟ. ಎರಡು ನನ್ ಹತ್ರಾನೇ ಇರ್ಲಿ ಅಂದ. ಎಣಿಸ್ಕೊಳ್ರಿ, ಮುಟ್ಟಿ ನೋಡ್ರಿ. ನಾನು ಒಂದನ್ನೂ ತೆಗ್ದಿಲ್ಲ, ನನ್ ಮಕ್ಕಳಾಣೆ."

ಮುಟ್ಟಿ ನೋಡಿದೆ. ಸುಳ್ಳಿರಲಿಲ್ಲ. ನನಗೆ ಸಿಟ್ಟು ಬಂತು. ಬಸ್ಸಿನಲ್ಲಿ ಬರುವಾಗಲೇ ಈ ಮನುಷ್ಯನಿಗೆ ಬೇಡಿ ಹಾಕಿಸಿ ಮುಗಿಸಿದ್ದೆ.

"ಪ್ರತಿ ಶುಕ್ರವಾರ ನೀವು ದೊಡ್ಡಗಾಡಿಯಲ್ಲೇ ಗೊರವನಹಳ್ಳಿ ಲಕ್ಷ್ಮಿ ದರ್ಶನಕ್ಕೆ ಹೋಗುವುದು ಊರಿಗೇ ಗೊತ್ತು. ಆ ಶುಕ್ರವಾರ ಯಾಕೆ ಹೋಗಲಿಲ್ಲ?"

"ಹೊರಟಿದ್ದೆ ಸಾರ್. ಅಷ್ಟ್ರಲ್ಲಿ ರೇಣುಕಯ್ಯ ಬಂದ. ಜಪಾನ್ ಗಾಡಿ ಕೊಡು, ದೇವರಿಗೆ ಹೋಗಿಬರ್ತೀನಿ ಅಂದ. ಕೊಟ್ರೆ ವಾಪಸ್ ತರ್ತಾನಾ? ಪೊಲೀಸ್ರ ಹತ್ರ ಹೋದ್ರೂ ಹೆಸ್ರು ಅವನದೇ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ದೊಡ್ಡಗಾಡಿ ಹೊರಟು ನಿಂತೈತೆ, ಅದ್ರಲ್ಲಿ ಹೋಗು, ನಾನು ಬರಲ್ಲ ಅಂದೆ." ತಿಮ್ಮರಾಯಪ್ಪ ಖಾಲಿ ಜಾಗದ ಕಡೆ ನೋಡಿದ. "ಅದು ನಮ್ಮಪ್ಪ ತಂದ ಗಾಡಿ. ಗುಜರಿಗೂ ಆಗಲ್ಲ ಅಂತ ಬಾಯಲ್ಲಿ ಅಂದೆ. ಅದನ್ನ ಕೆಡಿಸೋ ಕೈ ನಂದಲ್ಲ. ಆ ಗಾಡೀಲಿ ಸಾಯ್ಬೇಕಾಗಿದ್ದೋನು ನಾನು."

ಆ ಮಾತು ನನ್ನನ್ನು ತಟ್ಟಿತು. ಬ್ರೇಕಿಗೆ ಎಣ್ಣೆ ಬಿದ್ದದ್ದು ನಾಲ್ಕೈದು ದಿನ ಮೊದಲು. ಆಗ ಶುಕ್ರವಾರದ ಸವಾರ ಯಾರು ಎಂದರೆ ಎಲ್ಲರೂ ತಿಮ್ಮರಾಯಪ್ಪ ಎನ್ನುತ್ತಿದ್ದರು. ಗುಂಡಿ ತೋಡಿದ್ದು ಇವನಿಗೆ, ಬಿದ್ದವನು ರೇಣುಕಯ್ಯ.

"ಅದಕ್ಕೆ ಮುಂಚಿನ ವಾರ ಶೆಡ್ಡಿನ ಬೀಗ ಯಾರ ವಶದಲ್ಲಿತ್ತು?"

"ಜುಂಜನ ವಶ. ಶೆಡ್ಡಿನ ಹಿಂದಿನ ಕೋಣೇಲೇ ಅವರ ಸಂಸಾರ. ಶನಿವಾರ ಮಾತ್ರ ತಾಯಿಗೆ ಹುಷಾರಿಲ್ಲ ಅಂತ ಪಟ್ಟನಾಯಕನಹಳ್ಳಿ ಹತ್ರ ಅವರ ಹಟ್ಟಿಗೆ ಹೋದ. ಮಂಗಳವಾರ ಬಂದ."

"ಆ ಮೂರು ದಿನ?"

"ಬೀಗದಕೈ ಹೆಂಡ್ತಿ ಹತ್ರ ಇತ್ತು."

ಮಜ್ಜಿಗೆ ಮುಟ್ಟದೆ ಎದ್ದುಬಿಟ್ಟೆ.

ಭಾನುವಾರ ಬೆಳಿಗ್ಗೆ ಮಧುಗಿರಿ ಜೈಲಿನ ಮುಂದೆ ಭೇಟಿಗೆ ಬಂದವರ ಸಾಲಿತ್ತು. ಕ್ಯಾತಮ್ಮ ಗೋಡೆ ಬದಿಯಲ್ಲಿ ಬುತ್ತಿ ಗಂಟು ಇಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡದ್ದೇ ಎದ್ದು ನಿಂತಳು.

"ಏನಾತು ಸಾಮಿ? ಬಿಚ್ಚಿ ನೋಡುದ್ರಾ? ಬ್ರೇಕು ಕೆಟ್ಟಿತ್ತಾ?"

"ಕೆಟ್ಟಿತ್ತು ಕ್ಯಾತಮ್ಮ."

"ನಾನ್ ಏಳ್ನಿಲ್ವಾ!" ಅವಳು ಎರಡೂ ಕೈ ಎತ್ತಿ ಬೆಟ್ಟದ ಕಡೆ ಮುಗಿದಳು. "ನನ್ ಗಂಡ ಅಂತೋನಲ್ಲ ಕಣ್ ಸಾಮಿ. ಇರುವೆ ಬಂದ್ರೂ ಗಾಡಿ ನಿಲ್ಸೋನು. ಅಂಗಾರೆ ಬುಟ್ಬುಡ್ತಾರಾ? ನಾಳೀಕೇ ಬುಡ್ತಾರಾ?"

ಅವಳ ಸಂತೋಷ ನೋಡಿ ಹಿಂದಕ್ಕೆ ಹೋಗಿಬಿಡೋಣ ಅನ್ನಿಸಿದ್ದು ನಿಜ. ಆದರೆ ಕೈ ಆಗಲೇ ಜೇಬಿನೊಳಗೆ ಹೋಗಿತ್ತು.

"ಇದು ಏನು ಅಂತ ಗೊತ್ತಾ ನಿನಗೆ?"

ಬಟ್ಟೆ ಮುಟ್ಟಿ ನೋಡಿದಳು. ಮುಖ ಇನ್ನಷ್ಟು ಅರಳಿತು.

"ಅಯ್ಯ, ಜಪಾನೆಣ್ಣೆ ಅಲ್ವಾ ಇದು? ನಾನೇ ಉಯ್ದಿದ್ದೆ."

ಸುತ್ತ ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದೆ. ಯಾರಿಗೂ ನಮ್ಮ ಮೇಲೆ ಗಮನವಿರಲಿಲ್ಲ.

"ಮೆಲ್ಲಗೆ ಮಾತಾಡು. ಹರಳೆಣ್ಣೆ ಬಿಟ್ಟು ಇದನ್ನು ಯಾಕೆ ಹುಯ್ದೆ?"

"ಅವ್ನು ಹಟ್ಟಿಗೋಗೋವಾಗ ಡಬ್ಬಿ ನೋಡಿ ಎಣ್ಣೆ ತುಂಬ್ಸು ಅಂದೋದ. ನಂತಾವ ಅಳ್ಳೆಣ್ಣೆ ಮುಗ್ದೋಗಿತ್ತು. ಅಳ್ಳು ಕಾಸಾಕೆ ಮೈಯಾಗೆ ಹುಸಾರಿರ್ನಿಲ್ಲ. ಟಿನ್ ತಂದ್ಕೊಟ್ಟೋರು ಇದು ಜಪಾನಿಂದು, ಇದ್ರ ಮುಂದೆ ಅಳ್ಳೆಣ್ಣೆ ಯಾವ್ ಲೆಕ್ಕ, ಹಳೇದು ಚೆಲ್ಲಿ ಇದನ್ನೇ ತುಂಬ್ಸು, ಗಾಡಿ ಹೊಸ್ದಾಯ್ತದೆ ಅಂದ್ರು. ಅಂತಾ ಗಾಡಿ ಕುಡಿಯೋ ಎಣ್ಣೆ, ನಮ್ಮುದ್ಕೇನು ವಿಸ ಆಗ್ತದಾ? ಇದೂ ಕುಡೀಲಿ ಪಾಪ ಅಂತ ಆಸೆ ಬಿದ್ದು ತುಂಬ್ಸ್ದೆ."

"ಜುಂಜಪ್ಪನಿಗೆ ಹೇಳಿದೆಯಾ?"

"ಸುಕ್ರವಾರ ಹೊರಡೋ ಮುಂಚೆ ಪೆಡಲು ಬಿಗಿ ಐತೆ ಅಂತ ತಗಡು ಎತ್ತಿ ನೋಡ್ದ. ಆಗ ಏಳ್ದೆ. ಮೊಕ ಕಪ್ಪುಗ್ ಮಾಡ್ಕಂಡ. ಯಜಮಾನ್ರು ಹೊತ್ತಾತು ಹೊರಡ್ಲಾ ಅಂತ ಕೂಗ್ತಾ ಇದ್ರು. ಸಂಜೆ ಬಂದು ಇದನ್ನ ಬಗ್ಗಿಸಿ ಚೆಲ್ತೀನಿ, ಯಾರ್ಗೂ ಏಳ್ಬೇಡ ಅಂದ."

ಅವಳ ಮುಖದ ನಗು ತಡವಾಗಿ, ಸ್ವಲ್ಪ ಸ್ವಲ್ಪವೇ ಹೋಯಿತು.

"ಬ್ರೇಕು ಕೆಟ್ಟಿದ್ದು... ಇದ್ರಿಂದ್ಲಾ?"

"ಹೂಂ."

"ಹದ್ನೇಳು ದಿನದಿಂದ ಅವ್ನು ಬಾಯಿ ಬುಡ್ದೇ ಇರಾದು... ನಂಗೋಸ್ಕರಾನಾ ಸಾಮಿ?"

ಅವಳು ಅಳಲಿಲ್ಲ. ಬುತ್ತಿ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು, ಬಿಚ್ಚಿದಳು, ಕಟ್ಟಿದಳು.

"ಟಿನ್ ಕೊಟ್ಟವರು ಯಾರು ಕ್ಯಾತಮ್ಮ? ಜ್ಞಾಪಿಸಿಕೊಂಡು ಹೇಳು. ನಿನ್ನ ಪ್ರಾಣ ಇರುವುದು ಆ ಹೆಸರಲ್ಲಿ."

"ರೇಣುಕಯ್ನೋರು."

"ಸತ್ತ ರೇಣುಕಯ್ಯನೇ?"

"ಅವ್ರೇ. ಸೋಮಾರ ಮಧ್ಯಾನ ಬಂದಿದ್ರು. ಸೆಡ್ಡಿನ ಬಾಗ್ಲಲ್ಲೇ ಕೊಟ್ರು."

"ಯಾರಾದರೂ ನೋಡಿದರಾ? ಮಿಲ್ಲಿನ ಆಳುಗಳು?"

"ಮಿಲ್ಲಿಗೆ ರಜ ಇತ್ತು. ನಾನು, ಅವ್ರು, ಇಬ್ರೇ."

ಮಾಡಿದ್ದುಣ್ಣೋ ಮಹರಾಯ ಎಂದು ರೇಣುಕಯ್ಯನ ಕಡತ ಮುಚ್ಚಬಹುದಿತ್ತು. ಆದರೆ ತಿಮ್ಮರಾಯಪ್ಪನನ್ನು ಮುಗಿಸಲೆಂದೇ ಟಿನ್ ಕೊಟ್ಟವನು ಅದೇ ಗಾಡಿ ಹತ್ತಿ ಕೂರುವಷ್ಟು ಮೂರ್ಖನೇ? ಇಲ್ಲ, ಜಪಾನಿನದೆಲ್ಲ ಅಮೃತವೆಂದು ನಂಬಿ ಜಂಭಕ್ಕೆ ಕೊಟ್ಟನೇ? ಹೇಳಬಲ್ಲವನು ಒಬ್ಬನೇ ಇದ್ದ. ಅವನು ಹೋಗಿ ಹದಿನೇಳು ದಿನ. ಕೊಟ್ಟವನು ಮಣ್ಣಿನಲ್ಲಿ, ಹುಯ್ದವಳು ನನ್ನೆದುರಿಗೆ. ಇವಳಿಗೆ ಗೊತ್ತಿರಲಿಲ್ಲ ಎನ್ನುವುದಕ್ಕೆ ಇವಳ ಬಾಯಿ ಬಿಟ್ಟು ಭೂಮಿಯ ಮೇಲೆ ಸಾಕ್ಷಿಯಿಲ್ಲ.

ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ 'ಹಳೇ ಗಾಡಿ, ಬ್ರೇಕ್ ಕೆಟ್ಟಿತ್ತು' ಎಂದಷ್ಟೇ ಬರೆದರೆ? ಅದೂ ಆಗದು. ಕೆಂಪು ಬಟ್ಟೆಯನ್ನು ನಾನೇ ತಿಮ್ಮರಾಯಪ್ಪನ ಮೇಜಿನ ಮೇಲೆ ಹರಡಿ ಬಂದಿದ್ದೆ. ಅವನು ಇಷ್ಟು ಹೊತ್ತಿಗೆ ವಕೀಲರ ಮನೆಯಲ್ಲಿರುತ್ತಾನೆ. ನನ್ನ ಜಾಣತನಕ್ಕೆ ನಾನೇ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕು.

"ಕೇಳು," ಎಂದೆ. "ನಿಜ ಬರೆದರೆ ಅವನು ಹೊರಗೆ ಬರುತ್ತಾನೆ, ನೀನು ಒಳಗೆ ಹೋಗುತ್ತೀಯ. ಬರೆಯದಿದ್ದರೆ ಅವನು ಒಳಗೇ."

"ಗೊತ್ತಾತು."

"ಏನು ಬರೆಯಲಿ?"

ಜೈಲಿನ ಬಾಗಿಲಲ್ಲಿ ವಾರ್ಡರ್ ಕೂಗಿದ: "ಜುಂಜಪ್ಪನ ಕಡೆಯೋರು ಯಾರಮ್ಮ? ಹತ್ತೇ ನಿಮಿಷ!"

ಕ್ಯಾತಮ್ಮ ಸೆರಗು ಹೊದ್ದು ಬುತ್ತಿ ಎತ್ತಿಕೊಂಡಳು.

"ಬರ್ದ್ಬುಡಿ ಸಾಮಿ, ನಾನು ಅಂತ. ಆದ್ರೆ ಈಗ್ಲೇ ಅವ್ನಿಗೆ ಏಳ್ಬೇಡಿ. ಹದ್ನೇಳು ದಿನದಿಂದ ನನ್ ಉಳುಸ್ಕಂಡೆ ಅಂದ್ಕಂಡವ್ನೆ. ಈ ಹತ್ ನಿಮಿಸ ಅಂಗೇ ಅಂದ್ಕಂಡು ಉಣ್ಲಿ."

ಅವಳು ಒಳಗೆ ಹೋದಳು. ನಾನು ಜೈಲಿನ ಮೆಟ್ಟಿಲ ಮೇಲೆ ಕೂತು ಫಾರಂ ಮೊಣಕಾಲ ಮೇಲೆ ಹರಡಿಕೊಂಡೆ. ಗಾಡಿಯ ನಂಬರು ಬರೆದೆ, ಉಳಿಕೆ ಬೆಲೆ ಬರೆದೆ. ಅಪಘಾತಕ್ಕೆ ಕಾರಣ ಎಂಬ ಸಾಲಿಗೆ ಬಂದಾಗ, ಬೀದಿಯ ಆ ತುದಿಯಲ್ಲಿ ಜಪಾನ್ ಗಾಡಿ ತಿರುಗಿಕೊಂಡಿತು. ತಿಮ್ಮರಾಯಪ್ಪ ಇಳಿದ. ಅವನ ಹಿಂದೆ ಪೊಲೀಸ್ ಇನ್‌ಸ್ಪೆಕ್ಟರ್ ಇಳಿದರು.

"ಆ ಹೆಂಗಸು ಎಲ್ಲಿ ಸರ್ವೇಯರ್ ಸಾಹೇಬ್ರೆ?" ಎಂದರು ಇನ್‌ಸ್ಪೆಕ್ಟರ್.